ಟಿಡಿಎಸ್ ಮೀಟರಿಗೆ ಫ್ಲೋರೈಡ್ ಕಾಣುವುದಿಲ್ಲ: ಗ್ರಾಮೀಣ ಕುಡಿಯುವ ನೀರಿನ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಆಯುಕ್ತರಿಗೆ,
ಜಿಲ್ಲಾ ಪಂಚಾಯಿತಿಗಳ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,

ಮಾನ್ಯರೇ,

ಮೊದಲು ಒಂದು ಲೆಕ್ಕ. ಒಂದು ಊರಿನ ಕೊಳವೆಬಾವಿಯ ನೀರಿನಲ್ಲಿ ಟಿಡಿಎಸ್, ಅಂದರೆ ಕರಗಿರುವ ಲವಣಗಳ ಒಟ್ಟು ಪ್ರಮಾಣ, ಲೀಟರಿಗೆ 900 ಮಿಲಿಗ್ರಾಂ, ಫ್ಲೋರೈಡ್ ಲೀಟರಿಗೆ 4 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಅಲ್ಲಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಒತ್ತಡ ಹಾಕಿ ನೀರಿನ ಲವಣ ಸೋಸುವ ಆರ್‌ಒ (ರಿವರ್ಸ್ ಆಸ್ಮೋಸಿಸ್) ಪೊರೆ ಚೆನ್ನಾಗಿಯೇ ಇದೆ. ಪೊರೆ ದಾಟಿ ಬಂದ ನೀರಿನಲ್ಲಿ ಟಿಡಿಎಸ್ 40, ಫ್ಲೋರೈಡ್ 0.25. ಆದರೆ 40ರ ನೀರು ಬಾಯಿಗೆ ಸಪ್ಪೆ, ಕುಡಿಯುವವರು ಗೊಣಗುತ್ತಾರೆ. ಅದಕ್ಕೆ ಸೋಸದ ನೀರನ್ನು ನೇರವಾಗಿ ಬಿಡುವ ಬೈಪಾಸ್ ವಾಲ್ವನ್ನು ತುಸು ತಿರುಗಿಸಿ, ಟಿಡಿಎಸ್ ಮೀಟರಿನ ಪರದೆಯ ಮೇಲೆ 300 ಬರುವ ತನಕ ಬೋರ್ ನೀರನ್ನು ಬೆರೆಸುತ್ತಾರೆ. 300 ಬರಬೇಕಾದರೆ ನೂರರಲ್ಲಿ 30 ಪಾಲು ಬೋರ್ ನೀರೇ ಸೇರಬೇಕು. ಆ 30 ಪಾಲಿನ ಜೊತೆಗೆ ಬರುವ ಫ್ಲೋರೈಡನ್ನು ಕೂಡಿಸಿ ನೋಡಿ: ನಲ್ಲಿಯಿಂದ ಕ್ಯಾನಿಗೆ ಬೀಳುವ ನೀರಿನಲ್ಲಿ ಲೀಟರಿಗೆ ಸುಮಾರು 1.38 ಮಿಲಿಗ್ರಾಂ. ಪರದೆ 300 ಎನ್ನುತ್ತದೆ. ಭಾರತೀಯ ಮಾನಕ ಐಎಸ್ 10500ರಲ್ಲಿ ಟಿಡಿಎಸ್‌ಗೆ 500 ಸ್ವೀಕಾರಾರ್ಹ ಮಿತಿ, ಆದ್ದರಿಂದ ನೀರು ಬಹಳ ಒಳ್ಳೆಯದು ಎಂದೇ ಎಲ್ಲರೂ ತಿಳಿಯುತ್ತಾರೆ. ಅದೇ ಮಾನಕ ಫ್ಲೋರೈಡ್‌ಗೆ ಕೊಟ್ಟಿರುವ ಸ್ವೀಕಾರಾರ್ಹ ಮಿತಿ 1.0. ಬೇರೆ ಮೂಲವೇ ಇಲ್ಲದ ಕಡೆಗೆ ಮಾತ್ರ 1.5ರ ವರೆಗೆ ಸಡಿಲಿಕೆ ಇದೆ. ಘಟಕ ಕಟ್ಟಿ ನಿಲ್ಲಿಸಿರುವ ಊರಿಗೆ ಆ ಸಡಿಲಿಕೆ ಅನ್ವಯಿಸಬಾರದು ಎಂಬುದು ನಮ್ಮ ಅಭಿಪ್ರಾಯ.

ಈ ಪತ್ರ ಬರೆಯಲು ಕಾರಣ ಇಷ್ಟೇ. ಘಟಕಗಳಿಗೆ ಸಿಮ್ ಹಾಕಿ, ಸಂವೇದಕ ಕೂರಿಸಿ, ಅಂಕಿಗಳನ್ನು ತಾಲ್ಲೂಕು, ಜಿಲ್ಲಾ ಕೇಂದ್ರಗಳ ಪರದೆಗೆ ತರುವ ಕೆಲಸ ಈಗ ಎಲ್ಲೆಡೆ ಮಾತಾಗಿದೆ. ನಿಸ್ತಂತು ವ್ಯವಸ್ಥೆ ಬೇಕು, ಅದರ ಪರವಾಗಿಯೇ ನಾವಿದ್ದೇವೆ. ಆದರೆ ತಪ್ಪಾದ ವಸ್ತುವನ್ನು ಅಳೆದು ಹದಿನೈದು ನಿಮಿಷಕ್ಕೊಮ್ಮೆ ಕಳಿಸಿದರೆ, ದಿನಕ್ಕೆ 96 ಬಾರಿ ಸುಳ್ಳು ನೆಮ್ಮದಿ ಸಿಗುತ್ತದೆ, ಅಷ್ಟೇ. ಯಾವುದನ್ನು ತಂತಿಯಿಲ್ಲದೆ ಕಳಿಸಬೇಕು, ಯಾವುದನ್ನು ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೇ ಒಯ್ಯಬೇಕು ಎಂಬ ತೀರ್ಮಾನ ಟೆಂಡರ್ ಕರೆಯುವ ಮೊದಲೇ ಆಗಬೇಕು.

ಟಿಡಿಎಸ್ ಮೀಟರ್ ನೀರಿನೊಳಗಿನ ಯಾವ ವಸ್ತುವನ್ನೂ ಗುರುತಿಸುವುದಿಲ್ಲ. ಎರಡು ಲೋಹದ ಕಡ್ಡಿಗಳ ನಡುವೆ ನೀರು ಎಷ್ಟು ವಿದ್ಯುತ್ ಹರಿಸುತ್ತದೆ ಎಂದು ನೋಡಿ, ಆ ವಾಹಕತೆಯನ್ನು 0.5ರಿಂದ 0.7ರ ನಡುವಿನ ಒಂದು ಅಂಕಿಯಿಂದ ಗುಣಿಸಿ ತೋರಿಸುತ್ತದೆ. ವಾಹಕತೆ 1500 ಮೈಕ್ರೋಸೀಮನ್ಸ್ ಇರುವ ಬೋರ್ ನೀರಿನಲ್ಲಿ ಫ್ಲೋರೈಡ್ 1ರಿಂದ 3 ಮಿಲಿಗ್ರಾಂಗೆ ಏರಿತು ಎನ್ನಿ. ಜೊತೆಗೆ ಬರುವ ಸೋಡಿಯಂ ಸೇರಿಸಿಯೂ ವಾಹಕತೆ ಹೆಚ್ಚುವುದು ಸುಮಾರು 11 ಮೈಕ್ರೋಸೀಮನ್ಸ್. ಮೀಟರಿನ ಪರದೆಯಲ್ಲಿ ಅದು 7 ಅಂಕಿ. ಇತ್ತ ನೀರಿನ ಉಷ್ಣತೆ ಒಂದು ಡಿಗ್ರಿ ಏರಿದರೆ ವಾಹಕತೆ ನೂರಕ್ಕೆ ಎರಡರಷ್ಟು, ಅಂದರೆ 30 ಮೈಕ್ರೋಸೀಮನ್ಸ್ ಏರುತ್ತದೆ. ಉಷ್ಣತೆಯನ್ನು ಸರಿದೂಗಿಸುವ ವ್ಯವಸ್ಥೆ ಮೀಟರಿನೊಳಗೆ ಇದ್ದರೂ ಅಗ್ಗದ ಮೀಟರುಗಳಲ್ಲಿ ಅದರ ತಪ್ಪೇ ಫ್ಲೋರೈಡಿನ ಪಾಲಿಗಿಂತ ದೊಡ್ಡದಾಗಿಬಿಡುತ್ತದೆ. ಮಗುವಿನ ಹಲ್ಲಿನ ಮೇಲೆ ಕಂದು ಕಲೆ ಮೂಡಿಸುವ ಬದಲಾವಣೆ, ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ಇರುವ ವ್ಯತ್ಯಾಸದಲ್ಲಿ ಮುಳುಗಿ ಹೋಗುತ್ತದೆ.

ನಾಲಿಗೆಯನ್ನೂ ನಂಬುವಂತಿಲ್ಲ. ನಮ್ಮ ಬಯಲುಸೀಮೆಯ ನೆಲದಡಿ ಇರುವುದು ಗ್ರಾನೈಟು ಮತ್ತು ನೈಸು ಎಂಬ ಬಂಡೆಗಳು. ಅದರೊಳಗಿನ ಕಪ್ಪು ಕಾಗೆಬಂಗಾರ, ಅಪಟೈಟ್, ಫ್ಲೋರೈಟ್ ಖನಿಜಗಳಲ್ಲಿ ಫ್ಲೋರೈಡ್ ಇದೆ. ನೀರು ಆ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಷ್ಟೂ ಅದು ಕರಗಿ ಬರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಫ್ಲೋರೈಡ್ ಅದರೊಡನೆ ಕೂಡಿ ಘನವಾಗಿ ಕೆಳಗಿಳಿಯುವುದರಿಂದ ಅದರ ಮಟ್ಟ ಒಂದು ಮಿತಿ ದಾಟುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ, ಬೈಕಾರ್ಬನೇಟ್ ಹೆಚ್ಚಿರುವ ಕ್ಷಾರೀಯ ನೀರಿನಲ್ಲಿ ಆ ತಡೆ ಇಲ್ಲ. ಅಂದರೆ ಬೇಳೆ ಬೇಗ ಬೇಯಿಸುವ, ಸೋಪು ಚೆನ್ನಾಗಿ ನೊರೆ ಬರಿಸುವ, ಜನ ‘ಸಿಹಿನೀರು’ ಎಂದು ಮೆಚ್ಚುವ ಮೆದು ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಸಾಧ್ಯತೆ ಇದೆ. ಗಡಸು ನೀರಿನ ಬಾವಿ ಬಿಟ್ಟು ಮೆದು ನೀರಿನ ಬಾವಿಗೆ ಪೈಪು ಜೋಡಿಸುವಾಗ ಇದನ್ನು ಯಾರಾದರೂ ನೆನಪಿಸಬೇಕು.

ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆ ಕೆಡುವ ಫ್ಲೋರೋಸಿಸ್ ಹೊಸ ರೋಗವಲ್ಲ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಬೆನ್ನು ಸೆಟೆದು, ಕೀಲು ಹಿಡಿದವರ ವಿವರ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದದ್ದು 1937ರಲ್ಲಿ. ಕೇಂದ್ರ ಸರ್ಕಾರದ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 2008–09ರಲ್ಲಿ. ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವ ಕಾಲ, ಹೆಚ್ಚುಕಡಿಮೆ ಎಂಟು ವರ್ಷದವರೆಗೆ, ಫ್ಲೋರೈಡ್ ಹೆಚ್ಚು ಸೇರಿದರೆ ಹಲ್ಲಿನ ಕಲೆ ಬದುಕಿಡೀ ಹೋಗುವುದಿಲ್ಲ. ಮಾತ್ರೆಯಿಂದ ಗುಣವಾಗುವ ಕಾಯಿಲೆ ಅಲ್ಲದ್ದರಿಂದ ನೀರು ಸರಿಮಾಡುವುದೇ ಚಿಕಿತ್ಸೆ.

ಹಾಗೆಂದು ಟಿಡಿಎಸ್ ಮೀಟರನ್ನು ಕಿತ್ತೆಸೆಯಿರಿ ಎನ್ನುತ್ತಿಲ್ಲ. ಪೊರೆಯ ಆರೋಗ್ಯ ನೋಡಲು ಅದು ಬಹಳ ಒಳ್ಳೆಯ ಸಾಧನ, ಒಂದೇ ಷರತ್ತು: ಎರಡು ಕಡೆ ಇರಬೇಕು. ಒಳಬರುವ ನೀರಿನಲ್ಲಿ ಒಂದು, ಪೊರೆ ದಾಟಿದ ತಕ್ಷಣ, ಬೈಪಾಸ್ ಸೇರುವ ಮೊದಲು, ಇನ್ನೊಂದು. ಮೊದಲಿನದು 900, ಎರಡನೆಯದು 40 ಇದ್ದರೆ ಪೊರೆ ನೂರಕ್ಕೆ 95ಕ್ಕಿಂತ ಹೆಚ್ಚು ಲವಣ ತಡೆಯುತ್ತಿದೆ. ಅದು 90ಕ್ಕಿಂತ ಇಳಿದರೆ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಸೋರುತ್ತಿರಬಹುದು, ಪೊರೆ ಕ್ಲೋರಿನ್‌ನಿಂದ ಸುಟ್ಟಿರಬಹುದು, ಒತ್ತಡ ಬಿದ್ದಿರಬಹುದು. ಬೆರೆತ ನಂತರದ ಒಂದೇ ಜಾಗದಲ್ಲಿ ಮೀಟರ್ ಇಟ್ಟರೆ ಪೊರೆ ಹರಿದದ್ದೂ ವಾಲ್ವ್ ತಿರುಗಿಸಿದ್ದೂ ಒಂದೇ ತರಹ ಕಾಣುತ್ತದೆ.

ರಾಯಚೂರು, ಯಾದಗಿರಿ ಕಡೆಯ ಚಿನ್ನದ ಶಿಲಾಪಟ್ಟಿಯ ಊರುಗಳಲ್ಲಿ ಇನ್ನೊಂದು ಅಪಾಯವಿದೆ. ಅಲ್ಲಿನ ಬಂಡೆಗಳಲ್ಲಿ ಆರ್ಸೆನಿಕ್ ಇರುವ ಖನಿಜಗಳಿವೆ, ಕೆಲವು ಬಾವಿಗಳ ನೀರಿನಲ್ಲಿ ಅದು ಪತ್ತೆಯೂ ಆಗಿದೆ. ನೆಲದಾಳದ ಆಮ್ಲಜನಕವಿಲ್ಲದ ನೀರಿನಲ್ಲಿ ಆರ್ಸೆನಿಕ್ ಹೆಚ್ಚಾಗಿ ಮೂರನೇ ವೇಲೆನ್ಸಿಯ ರೂಪದಲ್ಲಿರುತ್ತದೆ. ಸಾಮಾನ್ಯ ಪಿಎಚ್‌ನಲ್ಲಿ ಅದಕ್ಕೆ ವಿದ್ಯುದಂಶವೇ ಇಲ್ಲ. ಆದ್ದರಿಂದ ಆರ್‌ಒ ಪೊರೆ ಉಪ್ಪನ್ನು ತಡೆದಷ್ಟು ಚೆನ್ನಾಗಿ ಅದನ್ನು ತಡೆಯುವುದಿಲ್ಲ. ವಾಹಕತೆಯ ಮೀಟರಿಗಂತೂ ಅದು ಇಲ್ಲವೇ ಇಲ್ಲ. ಮೊದಲು ಕ್ಲೋರಿನ್ ಹಾಕಿ ಐದನೇ ವೇಲೆನ್ಸಿಗೆ ಬದಲಿಸಿ, ಆಮೇಲೆ ಉಳಿದ ಕ್ಲೋರಿನ್ ತೆಗೆದು ಪೊರೆಗೆ ಬಿಡಬೇಕು, ಇಲ್ಲದಿದ್ದರೆ ಕ್ಲೋರಿನ್ ಪೊರೆಯನ್ನೇ ತಿಂದುಹಾಕುತ್ತದೆ. ಕೋಲಾರದ ಫ್ಲೋರೈಡಿಗೆ ಬರೆದ ಟೆಂಡರ್ ವಿವರಣೆಯನ್ನು ಯಾದಗಿರಿಗೆ ಹಾಗೆಯೇ ನಕಲು ಮಾಡಬೇಡಿ ಎಂಬುದು ನಮ್ಮ ಕಳಕಳಿಯ ವಿನಂತಿ.

ಈಗ ಬಾಟಲಿಯ ವಿಷಯ. ಫ್ಲೋರೈಡ್ ಪರೀಕ್ಷೆಯ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ತುಂಬಬೇಕು, ಗಾಜಿನದರಲ್ಲಿ ಅಲ್ಲ. ಆಮ್ಲ ಹಾಕಬಾರದು. ಆರ್ಸೆನಿಕ್, ಯುರೇನಿಯಂ ಪರೀಕ್ಷೆಯ ಬಾಟಲಿಗೆ ಮಾತ್ರ ನೈಟ್ರಿಕ್ ಆಮ್ಲ ಹಾಕಿ ಪಿಎಚ್ ಅನ್ನು 2ಕ್ಕಿಂತ ಕೆಳಗಿಳಿಸಬೇಕು. ಒಂದೇ ಬಾಟಲಿಯಿಂದ ಎರಡೂ ಮಾಡಿದರೆ ಒಂದು ಖಂಡಿತ ಕೆಡುತ್ತದೆ. ಬೋರ್ ಮೋಟಾರು ಹಾಕಿ ಹತ್ತು ಹದಿನೈದು ನಿಮಿಷ ನೀರು ಹರಿಯಲು ಬಿಟ್ಟು, ವಾಹಕತೆಯ ಅಂಕಿ ಏರಿಳಿಯುವುದು ನಿಂತ ಮೇಲೆ ತುಂಬಬೇಕು. ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರು ಬಾವಿಯ ನೀರಲ್ಲ. ಘಟಕದಲ್ಲೂ ಹಾಗೆಯೇ. ನಿಂತಿದ್ದ ಯಂತ್ರ ಶುರುವಾದ ಮೊದಲ ಕೆಲವು ನಿಮಿಷ ಪೊರೆಯ ಆಚೆಗೆ ಲವಣ ನುಸುಳಿರುವುದರಿಂದ ಅಂಕಿ ಕೆಟ್ಟದಾಗಿಯೇ ಬರುತ್ತದೆ.

ಪ್ರಯೋಗಾಲಯದಲ್ಲಿ ಎರಡು ಪದ್ಧತಿ ಬಳಕೆಯಲ್ಲಿವೆ. ಬಣ್ಣದ ಪದ್ಧತಿ, ಅಂದರೆ ಸ್ಪಾಡ್ನ್ಸ್, ಲೀಟರಿಗೆ ಸುಮಾರು 1.4 ಮಿಲಿಗ್ರಾಂ ತನಕ ಮಾತ್ರ ನಂಬಿಕೆಗೆ ಅರ್ಹ. ಅದಕ್ಕಿಂತ ಹೆಚ್ಚಿರುವ ನೀರನ್ನು ಶುದ್ಧ ನೀರು ಬೆರೆಸಿ ತೆಳುಮಾಡಿ ಅಳೆದು ಗುಣಿಸಬೇಕು. ತೆಳುಮಾಡದೆ ಅಳೆದರೆ 4 ಇರುವ ನೀರು ಮಿತಿಯ ಆಸುಪಾಸಿನ ಅಂಕಿ ತೋರಿಸಿ ಪಾರಾಗುತ್ತದೆ. ಒಂದು ತಾಲ್ಲೂಕಿನ ವರದಿಯಲ್ಲಿ 1.3, 1.4, 1.4, 1.5 ಎಂದು ಗುಂಪುಗಟ್ಟಿದ ಸಾಲುಗಳು ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ ಇದು. ಇನ್ನೊಂದು ಪದ್ಧತಿ ಲ್ಯಾಂಥನಂ ಫ್ಲೋರೈಡ್ ಹರಳಿನ ಎಲೆಕ್ಟ್ರೋಡ್. 10 ಮಿಲಿಲೀಟರ್ ನೀರಿಗೆ 10 ಮಿಲಿಲೀಟರ್ ಟಿಸ್ಯಾಬ್ ದ್ರಾವಣ ಸೇರಿಸಿ, ಪ್ಲಾಸ್ಟಿಕ್ ಬೀಕರಿನಲ್ಲಿ ಕದಡುತ್ತ ಅಳೆಯಬೇಕು. ಆ ದ್ರಾವಣ ಪಿಎಚ್ ಅನ್ನು 5ರ ಮೇಲೆ ಸ್ವಲ್ಪದರಲ್ಲಿ ಹಿಡಿದಿಡುತ್ತದೆ, ಅಲ್ಯುಮಿನಿಯಂ, ಕಬ್ಬಿಣಗಳು ಕಟ್ಟಿಹಾಕಿದ ಫ್ಲೋರೈಡನ್ನು ಬಿಡಿಸುತ್ತದೆ. ಪಟಿಕ ಬಳಸುವ ಘಟಕದ ನೀರಿಗೆ ಇದು ಇಲ್ಲದಿದ್ದರೆ ಫ್ಲೋರೈಡ್ ಕಡಿಮೆಯೇ ಕಾಣುತ್ತದೆ. 221 ಮಿಲಿಗ್ರಾಂ ಒಣ ಸೋಡಿಯಂ ಫ್ಲೋರೈಡನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿದರೆ 100 ಮಿಲಿಗ್ರಾಂನ ಮೂಲ ದ್ರಾವಣ ಸಿಗುತ್ತದೆ, ಅದರಿಂದ 0.5 ಮತ್ತು 5ರ ಮಾನಕ ದ್ರಾವಣಗಳನ್ನು ಮಾಡಿ ಎಲೆಕ್ಟ್ರೋಡ್ ಅದ್ದಿದರೆ ಎರಡರ ನಡುವೆ 54ರಿಂದ 60 ಮಿಲಿವೋಲ್ಟ್ ವ್ಯತ್ಯಾಸ ಬರಬೇಕು. ಅದಕ್ಕಿಂತ ಕಡಿಮೆ ಬಂದರೆ ಹರಳು ಕೊಳೆಯಾಗಿದೆ ಅಥವಾ ಮಾನಕ ಕೆಟ್ಟಿದೆ, ಆ ದಿನದ ಅಂಕಿ ಬರೆಯಬಾರದು. ಒಂದು ಮಿಲಿವೋಲ್ಟ್ ತಪ್ಪಿದರೆ ಫಲಿತಾಂಶ ನೂರಕ್ಕೆ ನಾಲ್ಕರಷ್ಟು ತಪ್ಪುತ್ತದೆ ಎಂಬುದು ಇಲ್ಲಿ ನೆನಪಿರಲಿ.

ಇದನ್ನೆಲ್ಲ ಬಿಡಿಸಿ ಹೇಳಿದ್ದಕ್ಕೆ ಒಂದು ಕಾರಣವಿದೆ. ಇದೇ ಎಲೆಕ್ಟ್ರೋಡನ್ನು ಪೈಪಿಗೆ ಸಿಕ್ಕಿಸಿ ಸಿಮ್ ಹಾಕಿದರೆ ‘ಸ್ವಯಂಚಾಲಿತ ಫ್ಲೋರೈಡ್ ಮಾಪಕ’ ಸಿದ್ಧ ಎಂದು ಮಾರಲು ಬರುವವರಿದ್ದಾರೆ. ಟಿಸ್ಯಾಬ್ ಇಲ್ಲದೆ, ವಾರಕ್ಕೊಮ್ಮೆಯಾದರೂ ಮಾನಕದಲ್ಲಿ ಅದ್ದಿ ನೋಡದೆ, ಹರಳಿನ ಮೇಲೆ ಪಾಚಿ ಕಟ್ಟಿದ ಮೇಲೆ ಬರುವ ಅಂಕಿಗೆ ಬೆಲೆಯಿಲ್ಲ. ಸದ್ಯಕ್ಕೆ ಅದಕ್ಕೆ ಹಣ ಸುರಿಯಬೇಡಿ. ಅದೇ ಹಣದಲ್ಲಿ ತಿಂಗಳಿಗೊಮ್ಮೆ ಬಾಟಲಿ ಒಯ್ಯುವ ವ್ಯವಸ್ಥೆ ಗಟ್ಟಿಮಾಡಿ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ಕಿಟ್ ಪರೀಕ್ಷೆಯ ತರಬೇತಿ ಕೊಡುವ ಕ್ರಮ ತಂದಿದೆ. ಕಿಟ್ಟಿನ ಬಣ್ಣದ ಮೆಟ್ಟಿಲುಗಳು ಅನುಮಾನ ಹುಟ್ಟಿಸಲು ಸಾಕು, ತೀರ್ಪು ಹೇಳಲು ಸಾಲದು. ಕಿಟ್ಟಿನಲ್ಲಿ ಅನುಮಾನ ಬಂದ ನೀರು ವಾರದೊಳಗೆ ಪ್ರಯೋಗಾಲಯ ಸೇರಬೇಕು.

ನಿಸ್ತಂತು ಮಾರ್ಗದಲ್ಲಿ ಬರಬೇಕಾದದ್ದು ಬೇರೆ: ಒಳನೀರಿನ ಮತ್ತು ಪೊರೆ ದಾಟಿದ ನೀರಿನ ವಾಹಕತೆ, ಉಷ್ಣತೆ, ಒಳ್ಳೆಯ ನೀರಿನ ಹಾಗೂ ಬಿಡುನೀರಿನ (ಪೊರೆ ದಾಟದೆ ಹೊರಹೋಗುವ ನೀರಿನ) ಹರಿವು, ಪೊರೆಯ ಹಿಂದುಮುಂದಿನ ಒತ್ತಡ, ಬೈಪಾಸ್ ವಾಲ್ವ್ ಎಷ್ಟು ತೆರೆದಿದೆ ಎಂಬುದು, ಬ್ಯಾಟರಿಯ ವೋಲ್ಟೇಜು, ಅಳೆದ ಸಮಯ, ಒಂದು ಕ್ರಮಸಂಖ್ಯೆ. ಅಚ್ಚುಕಟ್ಟಾಗಿ ಕಟ್ಟಿದರೆ ಇಷ್ಟೂ 19 ಬೈಟುಗಳಲ್ಲಿ ಹಿಡಿಯುತ್ತದೆ. ವಾಲ್ವಿನ ಸ್ಥಾನ ಒಂದು ಗೊತ್ತಿದ್ದರೆ ಸಾಕು, ತಿಂಗಳ ಬಾಟಲಿಯ ಫ್ಲೋರೈಡ್ ಅಂಕಿಯನ್ನು ಇಟ್ಟುಕೊಂಡು ಉಳಿದ 29 ದಿನಗಳ ಮಿಶ್ರಣವನ್ನು ಲೆಕ್ಕ ಹಾಕಬಹುದು. ರಸಾಯನಶಾಸ್ತ್ರದ ಅಂಕಿಯೂ ರೇಡಿಯೊ ಅಂಕಿಯೂ ಒಂದಕ್ಕೊಂದು ಆಸರೆಯಾಗುವುದು ಹೀಗೆ.

ಮೊಬೈಲ್ ಸಿಗ್ನಲ್ ನಿಲ್ಲದ ಊರುಗಳಿಗೆ, ಸಣ್ಣ ಸಂದೇಶಗಳನ್ನು ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಕಳಿಸುವ ಲೋರಾ ರೇಡಿಯೊ ಒಳ್ಳೆಯದು. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಪರವಾನಗಿ ಇಲ್ಲದೆ ಬಳಸಲು ಅವಕಾಶವಿದೆ. ಯೂರೋಪಿಗೆ ಹೊಂದಿಸಿದ, 868ರಿಂದ ಮೇಲಕ್ಕೆ ಕೆಲಸ ಮಾಡುವ ಉಪಕರಣ ಅಗ್ಗಕ್ಕೆ ಸಿಕ್ಕಿತೆಂದು ಹಾಗೆಯೇ ಕೊಳ್ಳಬೇಡಿ. ಲೋರಾದ ವೇಗವನ್ನು ಎಸ್‌ಎಫ್ ಎಂಬ ಅಂಕಿ ಹೇಳುತ್ತದೆ, ಅದು ಹೆಚ್ಚಿದಷ್ಟೂ ಸಂದೇಶ ನಿಧಾನ. ದೂರದ ಘಟಕ ನಿಧಾನಗತಿಯ ಎಸ್‌ಎಫ್ 12ರಲ್ಲಿ 19 ಬೈಟು ಕಳಿಸಲು ಸುಮಾರು 1.8 ಸೆಕೆಂಡು ರೇಡಿಯೊ ಹಾದಿಯನ್ನು ಹಿಡಿದಿಡುತ್ತದೆ. ಹತ್ತಿರದ ಘಟಕಕ್ಕೆ ಎಸ್‌ಎಫ್ 7ರಲ್ಲಿ 72 ಮಿಲಿಸೆಕೆಂಡು ಸಾಕು. ಆಂಟೆನಾವನ್ನು ತಗಡಿನ ಮಾಡಿನ ಒಳಗಿಟ್ಟು ಎಲ್ಲರನ್ನೂ ಎಸ್‌ಎಫ್ 12ಕ್ಕೆ ತಳ್ಳುವ ಬದಲು ಮಾಡಿನ ಮೇಲೆ ಹಾಕಿ, ಸಿಡಿಲು ತಡೆಯುವ ಸಾಧನ ಜೋಡಿಸಿ. ಹಳ್ಳಿಗಳಲ್ಲಿ ಮಾತ್ರ ಎದುರಾಗುವ ಒಂದು ತೊಡಕಿದೆ: ತ್ರೀ ಫೇಸ್ ಕರೆಂಟು ಬಂದ ಕ್ಷಣ ಆ ಫೀಡರಿನ ಎಲ್ಲ ಘಟಕಗಳೂ ಒಟ್ಟಿಗೆ ಎದ್ದು ಒಟ್ಟಿಗೆ ಕೂಗಲು ಶುರುಮಾಡುತ್ತವೆ, ಯಾರ ಮಾತೂ ಸಂದೇಶಗಳನ್ನು ಹಿಡಿದು ಮುಂದೆ ಕಳಿಸುವ ಗೇಟ್‌ವೇಗೆ ಕೇಳುವುದಿಲ್ಲ. ಪ್ರತಿ ಸಾಧನವೂ ಎದ್ದ ಮೇಲೆ ಐದು ನಿಮಿಷದೊಳಗೆ ತನ್ನದೇ ಒಂದು ಯಾದೃಚ್ಛಿಕ ಹೊತ್ತು ಕಾದು ಕಳಿಸುವಂತೆ ಪ್ರೋಗ್ರಾಂ ಬರೆಸಿ.

ಟೂಜಿ ಮೋಡೆಮ್ ಇರುವ ಕಡೆ, ಅದು ಮಾತಾಡುವ ಕ್ಷಣ 2 ಆಂಪಿಯರ್ ತನಕ ಕರೆಂಟು ಎಳೆಯುತ್ತದೆ. ಸಣ್ಣ ಅಡಾಪ್ಟರಿನ ವೋಲ್ಟೇಜು ಕುಸಿದು ಸಾಧನ ಮತ್ತೆ ಮತ್ತೆ ಹೊಸದಾಗಿ ಶುರುವಾಗುತ್ತಿರುತ್ತದೆ. ಮೋಡೆಮ್ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇದ್ದರೆ ಬಹುಪಾಲು ನಿಲ್ಲುತ್ತದೆ. ಅದೇ ಹೊತ್ತಿನಲ್ಲಿ ಸಂವೇದಕದ ಸಣ್ಣ ಸಂಕೇತದೊಳಗೂ ಗದ್ದಲ ನುಗ್ಗುತ್ತದೆ. ಮೊದಲು ಅಳೆದು, ಬರೆದಿಟ್ಟು, ಆಮೇಲೆ ಮೋಡೆಮ್‌ಗೆ ಜೀವ ಕೊಡಬೇಕು.

ಸಿಗ್ನಲ್ ಇಲ್ಲದ ದಿನಗಳ ಅಂಕಿ ಸಾಧನದಲ್ಲೇ ಉಳಿಯಬೇಕು. 15 ನಿಮಿಷಕ್ಕೊಂದರಂತೆ ಮೂವತ್ತು ದಿನಕ್ಕೆ 55 ಕಿಲೋಬೈಟು, ದೊಡ್ಡ ಮಾತಲ್ಲ. ಅಂಕಿ ಬಾರದಿದ್ದಾಗ ಪರದೆಯಲ್ಲಿ ಖಾಲಿ ಕಾಣಬೇಕು. ಸೊನ್ನೆ ತೋರಿಸುವುದು ತಪ್ಪು, ಕೊನೆಯ ಬಾರಿ ಬಂದ ಅಂಕಿಯನ್ನೇ ತೋರಿಸುತ್ತಿರುವುದು ಅದಕ್ಕಿಂತ ದೊಡ್ಡ ತಪ್ಪು: ಮೂರು ವಾರದಿಂದ ಕೆಟ್ಟು ನಿಂತ ಘಟಕ ಜಿಲ್ಲಾ ಕೇಂದ್ರದಲ್ಲಿ ಹಸಿರಾಗಿ ಮಿನುಗುತ್ತಿರುತ್ತದೆ, ಊರಿನವರು ಬೋರ್ ನೀರು ಕುಡಿಯುತ್ತಿರುತ್ತಾರೆ.

ಅಂಕಿಗಳ ದಾಖಲೆಯಲ್ಲಿ ಆಗುವ ತಪ್ಪುಗಳು ಸಣ್ಣವಾಗಿ ಕಾಣುತ್ತವೆ. ನೈಟ್ರೇಟನ್ನು ಕೆಲವು ಪ್ರಯೋಗಾಲಯಗಳು ಸಾರಜನಕದ ಲೆಕ್ಕದಲ್ಲಿ ಬರೆಯುತ್ತವೆ. ಹಾಗೆ ಬರೆದ 12ನ್ನು 45ರ ಮಿತಿಯ ಪಕ್ಕದಲ್ಲಿ ಇಟ್ಟರೆ ನಿಶ್ಚಿಂತೆ, 4.43ರಿಂದ ಗುಣಿಸಿದರೆ 53. ಕೋಲಾರದ ಬಳಿಯ ಬಾವಿಯೊಂದರ 13 ಡಿಗ್ರಿ 8 ಮಿನಿಟನ್ನು 13.08 ಎಂದು ತುಂಬಿದರೆ ಬಾವಿ ನಕ್ಷೆಯಲ್ಲಿ ಆರು ಕಿಲೋಮೀಟರ್ ಆಚೆ, ಇನ್ನಾವುದೋ ಊರಿಗೆ ಹೋಗಿ ಕೂರುತ್ತದೆ. ‘ಪತ್ತೆಯಾಗಿಲ್ಲ’ ಎಂಬುದನ್ನು 0 ಎಂದು ಬರೆದರೆ, ಎಷ್ಟರ ತನಕ ಪತ್ತೆ ಮಾಡಬಲ್ಲ ಯಂತ್ರ ಎಂಬುದೇ ಅಳಿಸಿಹೋಗುತ್ತದೆ. ಇಡೀ ವಿಶ್ಲೇಷಣೆ ಸರಿಯೇ ಎಂದು ನೋಡಲು ಸುಲಭದ ದಾರಿ ಒಂದಿದೆ: ಧನ ಅಯಾನುಗಳ ಮೊತ್ತ, ಋಣ ಅಯಾನುಗಳ ಮೊತ್ತ, ಎರಡೂ ಮಿಲಿಈಕ್ವಿವಲೆಂಟ್‌ನಲ್ಲಿ (ವಿದ್ಯುದಂಶದ ಲೆಕ್ಕದ ಅಳತೆ), ನೂರಕ್ಕೆ ಐದರೊಳಗೆ ತಾಳೆಯಾಗಬೇಕು, ವಾಹಕತೆಯನ್ನು 100ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಅದೇ ಮೊತ್ತ ಬರಬೇಕು. ವಾಹಕತೆ 1500 ಎಂದು ಬರೆದು ಧನ ಅಯಾನುಗಳು 6ಕ್ಕೆ ನಿಂತಿದ್ದರೆ ಆ ಸಾಲನ್ನು ಒಪ್ಪದೆ ವಾಪಸು ಕಳಿಸುವ ಕೆಲಸವನ್ನು ಕಂಪ್ಯೂಟರೇ ಮಾಡಬಲ್ಲದು. ಪ್ರತಿ ಸಾಲಿನಲ್ಲೂ ಬಾವಿಯ ಗುರುತು, ಆಳ, ನೀರು ತುಂಬಿದ ಜಾಗ ಮತ್ತು ಹೊತ್ತು, ಪದ್ಧತಿ, ಎಷ್ಟು ತೆಳುಮಾಡಿದರು ಎಂಬುದು ಇರಲಿ. ಆ ಸಾಲುಗಳನ್ನು ಸರಾಸರಿ ಮಾಡದೆ, ಬಾವಿವಾರು, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಪ್ರಕಟಿಸಿ. ತಾಲ್ಲೂಕಿನ ಸರಾಸರಿಯನ್ನು ಯಾರೂ ಕುಡಿಯುವುದಿಲ್ಲ, ತಮ್ಮ ಬೀದಿಯ ಬಾವಿಯನ್ನು ಕುಡಿಯುತ್ತಾರೆ.

ಅಡುಗೆಮನೆಯನ್ನು ಮರೆಯಬೇಡಿ. 0.25ರ ಘಟಕದ ನೀರನ್ನು ಒಬ್ಬರು ಮೂರು ಲೀಟರ್ ಕುಡಿದರೂ ದೇಹಕ್ಕೆ ಸೇರುವುದು 0.75 ಮಿಲಿಗ್ರಾಂ. ಆದರೆ ಮುದ್ದೆಗೆ, ಸಾರಿಗೆ, ಅನ್ನಕ್ಕೆ ನಲ್ಲಿಯಲ್ಲಿ ಬರುವ 3 ಮಿಲಿಗ್ರಾಂನ ಬೋರ್ ನೀರನ್ನು ತಲೆಗೆ ಒಂದು ಲೀಟರ್ ಬಳಸಿದರೆ ಅಲ್ಲಿಂದಲೇ 3 ಮಿಲಿಗ್ರಾಂ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಅಂಗನವಾಡಿಯ ಮತ್ತು ಬಿಸಿಯೂಟದ ಅಡುಗೆಗೆ ಯಾವ ನೀರು ಎಂಬುದು ಪ್ರತಿ ಊರಿನ ದಾಖಲೆಯಲ್ಲಿ ಇರಬೇಕು. ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳು ಉಣ್ಣುವುದು ಅಲ್ಲಿ. ಹಾಗೆಯೇ ಬಿಡುನೀರು. 3 ಮಿಲಿಗ್ರಾಂನ ಸಾವಿರ ಲೀಟರ್ ನೀರಿನಿಂದ 400 ಲೀಟರ್ ಒಳ್ಳೆಯ ನೀರು ತೆಗೆದರೆ ಉಳಿದ 600 ಲೀಟರಿನಲ್ಲಿ ಫ್ಲೋರೈಡ್ 5ರ ಹತ್ತಿರ ಇರುತ್ತದೆ. ಅದು ದನಗಳ ತೊಟ್ಟಿಗೆ ಹೋಗಬಾರದು, ದನಕರುಗಳಿಗೂ ಹಲ್ಲು ಮತ್ತು ಮೂಳೆಯ ಫ್ಲೋರೋಸಿಸ್ ಬರುತ್ತದೆ.

ನಾವು ಕೇಳುತ್ತಿರುವ ಮೊದಲ ಕೆಲಸಕ್ಕೆ ಹೊಸ ಯಂತ್ರವೇ ಬೇಡ. ಪಾವಗಡ ಅಥವಾ ಬಾಗೇಪಲ್ಲಿ, ಒಂದು ತಾಲ್ಲೂಕು ಆರಿಸಿಕೊಳ್ಳಿ. ಪ್ರತಿ ಘಟಕದಿಂದ 250 ಮಿಲಿಲೀಟರಿನ ಮೂರು ಪ್ಲಾಸ್ಟಿಕ್ ಬಾಟಲಿ: ಒಂದು ಬೋರ್ ನೀರು, ಒಂದು ಪೊರೆ ದಾಟಿದ ನೀರು, ಒಂದು ನಾಣ್ಯ ಹಾಕಿದಾಗ ಕ್ಯಾನಿಗೆ ಬೀಳುವ ನೀರು. ಮೂರನೆಯದೇ ಜನ ಮನೆಗೆ ಒಯ್ಯುವ ನೀರಾದ್ದರಿಂದ ಅದನ್ನು ಯಾವ ಕಾರಣಕ್ಕೂ ಬಿಡಬೇಡಿ. ಹತ್ತು ಬಾಟಲಿಗೊಂದರಂತೆ ಅದೇ ನೀರಿನ ಇನ್ನೊಂದು ಬಾಟಲಿಯನ್ನು ಬೇರೆ ಸಂಖ್ಯೆ ಕೊಟ್ಟು ಕಳಿಸಿ. ಎರಡರ ಅಂಕಿ ತಾಳೆಯಾಗುತ್ತದೆಯೇ ಎಂಬುದೇ ಪ್ರಯೋಗಾಲಯದ ಪರೀಕ್ಷೆ. ನೀರು ತುಂಬುವಾಗ ನೀರುಗಂಟಿಯನ್ನು ಜೊತೆಗಿಟ್ಟುಕೊಳ್ಳಿ, ವಾಲ್ವ್ ಯಾವಾಗ ಎಷ್ಟು ತಿರುಗಿತು ಎಂದು ತಿಳಿದಿರುವುದು ಅವರಿಗೆ. ಫಲಿತಾಂಶ ಬಂದ ವಾರದೊಳಗೆ ಘಟಕದ ಗೋಡೆಯ ಮೇಲೆ, ಟಿಡಿಎಸ್ ಪರದೆಯ ಪಕ್ಕದಲ್ಲೇ, ಫ್ಲೋರೈಡಿನ ಅಂಕಿಯನ್ನೂ ನೀರು ತುಂಬಿದ ದಿನಾಂಕವನ್ನೂ ಕೈಯಳತೆಯ ಅಕ್ಷರಗಳಲ್ಲಿ ಬರೆಸಿ. ಅಂಕಿ 1.0 ಮೀರಿದ್ದರೆ ಅದೇ ದಿನ ಬೈಪಾಸ್ ವಾಲ್ವ್ ಮುಚ್ಚಿ ಸೀಲ್ ಹಾಕಿಸಿ, ಮತ್ತೊಂದು ಬಾಟಲಿ ಕಳಿಸಿ.

ಇಂತಿ,
ನೀರಿನ ರಾಸಾಯನಿಕ ವಿಶ್ಲೇಷಣೆ ಮತ್ತು ದೂರಮಾಪನದ ಕೆಲಸದಲ್ಲಿರುವವರು